ಏರು ಹತ್ತುವ ಟ್ರಾಮು, ಕಣಿವೆ ಹಿಡಿದ ರೈಲು

ಶೆಫೀಲ್ಡ್‌ಗೆ ರೈಲಿನಲ್ಲಿ ಬಂದಿಳಿದವರು ಊರು ಸೇರಬೇಕಾದರೆ ಏರು ಹತ್ತಬೇಕು. ಇಂಗ್ಲೆಂಡಿನ ಉತ್ತರ ಭಾಗದ ಈ ಉಕ್ಕಿನ ನಗರದಲ್ಲಿ ರೈಲು ನಿಲ್ದಾಣ ಇರುವುದು ಕಣಿವೆಯ ತಳದಲ್ಲಿ. ಊರಿಗೆ ಹೆಸರು ಕೊಟ್ಟ ಶೀಫ್ ನದಿ ಆ ನಿಲ್ದಾಣದ ಅಡಿಯಲ್ಲೇ ಕಮಾನುಗಳ ಒಳಗೆ, ಯಾರ ಕಣ್ಣಿಗೂ ಬೀಳದೆ ಹರಿಯುತ್ತದೆ. ಹೊರಗೆ ಬಂದರೆ ಶೀಫ್ ಸ್ಕ್ವೇರ್. ಅಲ್ಲಿ ಉದ್ದನೆಯ ಉಕ್ಕಿನ ಗೋಡೆಯೊಂದರ ಮೈಮೇಲೆ ನೀರು ಜಾರುತ್ತಿರುತ್ತದೆ. ರಸ್ತೆ ದಾಟಿ ಹೊವಾರ್ಡ್ ಸ್ಟ್ರೀಟ್ ಹಿಡಿದರೆ ಏರು ಶುರು. ಗಾಲಿಯ ಸೂಟ್‌ಕೇಸ್ ಎಳೆಯುವ ವಿದ್ಯಾರ್ಥಿಗಳು, ಮಕ್ಕಳ ತಳ್ಳುಗಾಡಿ ಹಿಡಿದ ತಾಯಂದಿರು ಅರ್ಧ ದಾರಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಅಂಗಡಿ ಬೀದಿ, ಟೌನ್ ಹಾಲ್, ಕೆಥೆಡ್ರಲ್ ಎಲ್ಲವೂ ಮೇಲೇ.

ಏಳು ಗುಡ್ಡಗಳ ಊರು ಎಂದು ಇಲ್ಲಿಯವರು ಹೇಳಿಕೊಳ್ಳುತ್ತಾರೆ. ಡಾನ್, ಶೀಫ್, ಪೋರ್ಟರ್, ಲಾಕ್ಸ್‌ಲಿ, ರಿವೆಲಿನ್ ಎಂಬ ಐದು ಹೊಳೆಗಳು ಈ ಗುಡ್ಡಗಳ ನಡುವೆ ಕಣಿವೆ ಕೊರೆದಿವೆ. ಹಿಂದೆ ಈ ಹೊಳೆಗಳ ನೀರಿನಿಂದಲೇ ಸಾಣೆಚಕ್ರಗಳು ತಿರುಗಿ, ಚಾಕು ಚೂರಿಗಳ ಕಸುಬು ಬೆಳೆಯಿತು. ಆಮೇಲೆ ಬಂದ ದೊಡ್ಡ ಉಕ್ಕಿನ ಕಾರ್ಖಾನೆಗಳು ಡಾನ್ ಕಣಿವೆಯ ಸಮತಟ್ಟಾದ ನೆಲ ಹಿಡಿದವು, ರೈಲೂ ಅವುಗಳ ಜೊತೆಗೇ ಕಣಿವೆ ಹಿಡಿಯಿತು. ಜನ ಮಾತ್ರ ಗುಡ್ಡದ ಮೈಮೇಲೆ ಮನೆ ಕಟ್ಟಿಕೊಂಡರು. ಹೀಗೆ ದುಡಿಯುವ ಜಾಗ ಕೆಳಗೆ, ಬಾಳುವ ಜಾಗ ಮೇಲೆ ಎಂದು ಊರು ಎರಡು ಪಾಲಾಯಿತು. ಇಂಥ ಊರಿನಲ್ಲಿ ಸಾರಿಗೆಯ ಯೋಜನೆ ಹಾಕುವವರಿಗೆ ಅಡ್ಡದ ದೂರಕ್ಕಿಂತ ಎತ್ತರವೇ ದೊಡ್ಡ ಲೆಕ್ಕ. ನಾನು ಇಲ್ಲಿಗೆ ಬಂದದ್ದು ಆ ಲೆಕ್ಕಕ್ಕೆ ಕಂಡುಕೊಂಡ ಒಂದು ಉತ್ತರವನ್ನು ಅದರ ಹಳಿಯ ಮೇಲೇ ಕೂತು ನೋಡುವುದಕ್ಕೆ. ಅದು ಗುಡ್ಡದ ನೆತ್ತಿಯ ಬೀದಿಯಲ್ಲಿ ಟ್ರಾಮಾಗಿ ಹೊರಟು, ಕಣಿವೆಗಿಳಿದು, ಅಲ್ಲಿಂದ ರೈಲಾಗಿ ಪಕ್ಕದ ರಾದರಮ್‌ಗೆ ಓಡುವ ಟ್ರಾಮ್-ಟ್ರೇನ್.

ಅದು ಹೊರಡುವುದು ಕೆಥೆಡ್ರಲ್ ನಿಲ್ದಾಣದಿಂದ. ನಿಲ್ದಾಣವೆಂದರೆ ಚರ್ಚ್ ಸ್ಟ್ರೀಟಿನ ನಡುವೆ ಎರಡು ತಗ್ಗು ಕಟ್ಟೆಗಳು, ಮೇಲೊಂದು ಮಾಡು, ಅಷ್ಟೆ. ಒಂದು ಪಕ್ಕ ಹಳೆಯ ಕೆಥೆಡ್ರಲ್ಲಿನ ಶಿಖರ, ಇನ್ನೊಂದು ಪಕ್ಕ ಕಾಫಿ ಅಂಗಡಿ, ಕಚೇರಿ ಕಟ್ಟಡಗಳು. ಹಳಿಗಳು ರಸ್ತೆಯ ಮಟ್ಟಕ್ಕೇ ಹುದುಗಿವೆ. ಜನ ಅವುಗಳನ್ನು ದಾಟಿ ಆಚೀಚೆ ಓಡಾಡುತ್ತಲೇ ಇರುತ್ತಾರೆ. ಇಷ್ಟು ಇಕ್ಕಟ್ಟಿನ ಬೀದಿಗೆ ಮೂರು ಭಾಗ ಕೂಡಿಸಿದ, 37 ಮೀಟರಿಗಿಂತ ಉದ್ದದ ಗಾಡಿ ಮೆಲ್ಲನೆ ತಿರುಗಿ ಬಂದು ನಿಂತಾಗ, ಇದೇ ಗಾಡಿ ಇನ್ನು ಅರ್ಧ ಗಂಟೆಯೊಳಗೆ ಗೂಡ್ಸ್ ರೈಲು ಓಡುವ ಹಳಿಯ ಮೇಲೆ ಇರುತ್ತದೆಂದು ಗೊತ್ತಿಲ್ಲದವರು ನಂಬುವುದು ಕಷ್ಟ.

ಶೆಫೀಲ್ಡ್‌ಗೆ ಟ್ರಾಮ್ ಹೊಸದಲ್ಲ. ಇಲ್ಲಿನ ಹಳೆಯ ಬೀದಿ ಟ್ರಾಮುಗಳು 1960ರ ಅಕ್ಟೋಬರ್‌ವರೆಗೂ ಓಡುತ್ತಿದ್ದವು. ಇಂಗ್ಲೆಂಡಿನ ಮಿಕ್ಕ ನಗರಗಳು ಅಷ್ಟರಲ್ಲಿ ಟ್ರಾಮ್ ಕಿತ್ತುಹಾಕಿ ಬಸ್ಸಿಗೆ ಹೊರಳಿದ್ದವು, ಇದಾದ ಮೇಲೆ ಅಲ್ಲಿ ಉಳಿದದ್ದು ಬ್ಲ್ಯಾಕ್‌ಪೂಲ್‌ನ ಕಡಲದಂಡೆಯ ಟ್ರಾಮ್ ಒಂದೇ. ಮೂರು ದಶಕ ಕಳೆದು 1994ರಲ್ಲಿ ಸೂಪರ್‌ಟ್ರಾಮ್ ಎಂಬ ಹೆಸರಿನಲ್ಲಿ ಹಳಿ ಮರಳಿತು. ಮರುವರ್ಷದ ಹೊತ್ತಿಗೆ ಸುಮಾರು 29 ಕಿಲೋಮೀಟರಿನ ಜಾಲ ಸಿದ್ಧವಾಗಿತ್ತು. ಕೆಲವು ಕಡೆ ಅದರ ಏರು ಹತ್ತಕ್ಕೆ ಒಂದು, ಅಂದರೆ ಹತ್ತು ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಹತ್ತುವ ಏರು ಐವತ್ತಕ್ಕೆ ಒಂದು. ಅಷ್ಟಕ್ಕೇ ಅಲ್ಲಿ ಹೆಚ್ಚುವರಿ ಎಂಜಿನ್ ಹಚ್ಚಬೇಕಾಗುತ್ತದೆ. ಅದರ ಐದು ಪಟ್ಟು ಕಡಿದಾದ ಬೀದಿಯನ್ನು ಮಳೆ, ಹಿಮ, ಉದುರೆಲೆಗಳ ನಡುವೆ ಟ್ರಾಮ್ ದಿನವೂ ಏರಬೇಕು.

ಅದಕ್ಕಾಗಿಯೇ ಇಲ್ಲಿಗೆ ತಂದ 25 ಸೀಮೆನ್ಸ್-ಡ್ಯುವಾಗ್ ಟ್ರಾಮುಗಳಲ್ಲಿ ಎಂಟೂ ಅಚ್ಚುಗಳಿಗೆ ಮೋಟಾರಿನ ಬಲ ಕೊಟ್ಟಿದ್ದಾರೆ. ಗಾಡಿಯ ಅಷ್ಟೂ ಭಾರ ಎಳೆಯುವ ಗಾಲಿಗಳ ಮೇಲೇ ಕೂತರೆ ಗಾಲಿ ಜಾರುವುದು ಕಡಿಮೆ. ಇಳಿಯುವಾಗ ಹಳಿಯನ್ನೇ ಕಚ್ಚಿ ಹಿಡಿಯುವ ಅಯಸ್ಕಾಂತದ ಬ್ರೇಕ್ ಬೇರೆ ಇದೆ. ಗುಡ್ಡದೂರಿನ ಟ್ರಾಮ್ ಸಮತಟ್ಟು ಊರಿನ ಟ್ರಾಮಿಗಿಂತ ದುಬಾರಿಯಾಗುವುದು ಇಂಥ ಕಾರಣಗಳಿಂದ. ಸಮತಟ್ಟು ಊರಿನಲ್ಲಿ ಗೆದ್ದ ಗಾಡಿಯನ್ನು ಹಾಗೇ ತಂದು ಇಲ್ಲಿ ಓಡಿಸುತ್ತೇವೆಂದರೆ ನಡೆಯದು.

ಮೊದಲ ವರ್ಷಗಳಲ್ಲಿ ಸೂಪರ್‌ಟ್ರಾಮ್ ಸೋತಿತು. ಎಣಿಸಿದಷ್ಟು ಜನ ಹತ್ತಲಿಲ್ಲ. ಸುಮಾರು 24 ಕೋಟಿ ಪೌಂಡ್ ಖರ್ಚಿನ ಜಾಲವನ್ನು ನಡೆಸುವ ಹಕ್ಕು 1997ರಲ್ಲಿ ಹತ್ತು ಲಕ್ಷ ಪೌಂಡ್ ಚಿಲ್ಲರೆಗೆ ಖಾಸಗಿ ಕಂಪನಿಯ ಕೈಸೇರಿತು. ಸೋಲಿನ ಕಾರಣಗಳಲ್ಲಿ ಒಂದು ನನಗೆ ತುಂಬ ಮುಖ್ಯವೆನಿಸುತ್ತದೆ. ಮಾರ್ಗ ಗುರುತಿಸುವಾಗ ದೊಡ್ಡ ವಸತಿ ಸಮುಚ್ಚಯಗಳ ಬಾಗಿಲಿಗೇ ಹಳಿ ಒಯ್ಯಬೇಕೆಂದು ಎಣಿಸಿದ್ದರು. ಇನ್‌ಫರ್ಮರಿ ರೋಡಿನ ಕೆಲ್ವಿನ್ ಫ್ಲ್ಯಾಟ್ಸ್ ಅಂಥದ್ದೊಂದು. ಹಳಿ ಬರುವ ಹೊತ್ತಿಗೆ ಆ ಕಟ್ಟಡಗಳನ್ನೇ ಕೆಡವಿಹಾಕಲಾಯಿತು. ಹತ್ತಬೇಕಿದ್ದ ಸಾವಿರಾರು ಜನ ಬೇರೆ ಬೇರೆ ಕಡೆಗೆ ಚದುರಿಹೋದರು. ಮನೆಗಳ ಯೋಜನೆ ಒಂದು ಕಚೇರಿಯಲ್ಲಿ, ಹಳಿಗಳ ಯೋಜನೆ ಇನ್ನೊಂದು ಕಚೇರಿಯಲ್ಲಿ ನಡೆದರೆ ಆಗುವ ನಷ್ಟಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಆಮೇಲೆ ಜನ ನಿಧಾನಕ್ಕೆ ಟ್ರಾಮಿಗೆ ಒಗ್ಗಿಕೊಂಡರು, ಗಾಡಿಗಳು ತುಂಬತೊಡಗಿದವು. 2024ರ ಮಾರ್ಚ್‌ನಲ್ಲಿ ಸೂಪರ್‌ಟ್ರಾಮ್ ಮತ್ತೆ ಸಾರ್ವಜನಿಕ ಒಡೆತನದ ಆಡಳಿತಕ್ಕೆ ಮರಳಿದೆ.

ಕೆಥೆಡ್ರಲ್ಲಿನಿಂದ ಗಾಡಿ ಹೊರಟರೆ ಇಳಿಜಾರು ಕೂಡಲೇ ಕಾಲಿಗೆ ಗೊತ್ತಾಗುತ್ತದೆ. ಹೈ ಸ್ಟ್ರೀಟಿನಲ್ಲಿ ಇಳಿದು ಕಾಸಲ್ ಸ್ಕ್ವೇರ್, ಅಲ್ಲಿಂದ ಫಿಟ್ಜಲನ್ ಸ್ಕ್ವೇರ್, ಆಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಕಮಾನು ಹೊತ್ತ ಸೇತುವೆ. ಕೆಳಗೆ ಪಾರ್ಕ್ ಸ್ಕ್ವೇರಿನ ದೊಡ್ಡ ವೃತ್ತದಲ್ಲಿ ಕಾರುಗಳು ಸುತ್ತುತ್ತಿರುತ್ತವೆ. ಅವುಗಳ ತಲೆಯ ಮೇಲೆ ಟ್ರಾಮ್ ಹಳಿಗಳು ತ್ರಿಕೋನದಲ್ಲಿ ಕವಲೊಡೆಯುತ್ತವೆ. ಬಲಕ್ಕೆ ಹೋದರೆ ರೈಲು ನಿಲ್ದಾಣದ ಬೆನ್ನಿನ ಏರು ಹತ್ತಿ ಆಗ್ನೇಯದ ಗುಡ್ಡಗಳ ಬಡಾವಣೆಗಳು. ನಮ್ಮ ಗಾಡಿ ಎಡಕ್ಕೆ ಡಾನ್ ಕಣಿವೆಯ ಕಡೆ ತಿರುಗಿತು. ಕಿಟಕಿಯಾಚೆ ಪಾರ್ಕ್ ಹಿಲ್ ಎಂಬ ಕಾಂಕ್ರೀಟ್ ವಸತಿ ಸಮುಚ್ಚಯ ಕೋಟೆಯಂತೆ ಗುಡ್ಡದ ಅಂಚಿಗೆ ನಿಂತಿತ್ತು. 1961ರಲ್ಲಿ ಮುಗಿದ ಅದನ್ನು ಕೆಡವದೆ, 1998ರಲ್ಲಿ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿ ಉಳಿಸಿಕೊಂಡಿದ್ದಾರೆ.

ಒಳಗೆ ಕಂಡಕ್ಟರ್ ಸೀಟಿನಿಂದ ಸೀಟಿಗೆ ಬಂದು ಟಿಕೆಟ್ ಕೊಡುತ್ತಾರೆ. ಯಂತ್ರದ ಮುಂದೆ ಗುಂಡಿ ಒತ್ತಿ ಪರದಾಡಬೇಕಿಲ್ಲ. ಶೆಫೀಲ್ಡಿನ ಟ್ರಾಮಿನಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಗಳಲ್ಲಿ ಇದೂ ಒಂದು. ವಯಸ್ಸಾದವರು ಎಲ್ಲಿ ಇಳಿಯಬೇಕೆಂದು ಕೇಳುತ್ತಾರೆ, ತಳ್ಳುಗಾಡಿಯವರಿಗೆ ಜಾಗ ಬಿಡಿಸಿಕೊಡುವವರೂ ಕಂಡಕ್ಟರೇ.

ಹೈಡ್ ಪಾರ್ಕ್, ಕ್ರಿಕೆಟ್ ಇನ್ ರೋಡ್, ನನರಿ ಸ್ಕ್ವೇರ್. ನನರಿಯಲ್ಲಿ ಟ್ರಾಮುಗಳ ಡಿಪೊ ಇದೆ. ಅಲ್ಲಿಗೆ ಗುಡ್ಡ ಮುಗಿಯಿತು, ಮುಂದೆ ಕಣಿವೆ. ವುಡ್‌ಬರ್ನ್ ರೋಡ್ ದಾಟಿ ಆಟರ್‌ಕ್ಲಿಫ್ ಬರುತ್ತದೆ. ಒಂದು ಕಾಲಕ್ಕೆ ಹೊಗೆ, ಕುಲುಮೆ, ಸುತ್ತಿಗೆಗಳ ಸದ್ದಿನ ಊರು ಅದು. ಉಕ್ಕಿನ ಕೆಲಸ ಕುಸಿದ ಮೇಲೆ ಖಾಲಿಬಿದ್ದ ನೆಲದಲ್ಲಿ 1991ರ ವಿಶ್ವ ವಿದ್ಯಾರ್ಥಿ ಕ್ರೀಡಾಕೂಟಕ್ಕಾಗಿ ಡಾನ್ ವ್ಯಾಲಿ ಸ್ಟೇಡಿಯಂ ಕಟ್ಟಿದರು. 2013ರಲ್ಲಿ ಅದನ್ನೂ ಮುಚ್ಚಿ ಕೆಡವತೊಡಗಿದರು. ಅದೇ ಜಾಗದಲ್ಲಿ ಈಗ ಒಲಿಂಪಿಕ್ ಲೆಗಸಿ ಪಾರ್ಕ್ ಇದೆ. ಅರೀನಾ, ಸಿನಿಮಾ ಮಂದಿರಗಳು, ಪೀಠೋಪಕರಣಗಳ ದೊಡ್ಡ ಅಂಗಡಿ ಇವೆಲ್ಲ ಸಾಲಾಗಿ ಬಂದುಹೋಗುತ್ತವೆ.

ಆಗಲೇ ದಾಟಿಬಂದ ವುಡ್‌ಬರ್ನ್ ರೋಡ್ ಸುತ್ತಮುತ್ತ ಟ್ರಾಮ್ ರಸ್ತೆಯನ್ನು ಅಡ್ಡಹಾಯುತ್ತದೆ. ರಾದರಮ್ ಸೇವೆ ಶುರುವಾದದ್ದು 2018ರ ಅಕ್ಟೋಬರ್ 25ರಂದು. ಅದೇ ದಿನ ಮಧ್ಯಾಹ್ನ ಈ ಭಾಗದಲ್ಲಿ ಟ್ರಾಮ್-ಟ್ರೇನ್ ಮತ್ತು ಲಾರಿ ಡಿಕ್ಕಿಯಾಗಿ, ಗಾಡಿ ಹಳಿ ತಪ್ಪಿ, ಕೆಲವರಿಗೆ ಪೆಟ್ಟಾಯಿತು. ಪತ್ರಿಕೆಗಳು ಅದನ್ನು ಹೊಸ ಪ್ರಯೋಗದ ಅಪಶಕುನವೆಂಬಂತೆ ಬರೆದವು. ನಡೆದದ್ದು ಬೀದಿಯ ಮೇಲೆ, ಹಳೆಯ ಟ್ರಾಮುಗಳೂ ಮೊದಲಿನಿಂದ ಎದುರಿಸುತ್ತ ಬಂದ ಬಗೆಯ ಅಪಘಾತ. ರೈಲು ಹಳಿಯ ಮೇಲೆ ಟ್ರಾಮ್ ಬಿಟ್ಟರೆ ಏನಾದೀತೋ ಎಂದು ಹತ್ತು ವರ್ಷ ಹೆದರಿದ್ದವರ ಭಯಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಯೋಜಕರು ಇದನ್ನು ನೆನಪಿಡಲೇಬೇಕು. ರೈಲಿಗಾಗಿ ಎಷ್ಟು ಬಂದೋಬಸ್ತು ಮಾಡಿದರೂ ಅದೇ ಗಾಡಿ ದಿನವೂ ಲಾರಿ, ಕಾರು, ಸೈಕಲ್ಲುಗಳ ನಡುವೆ ಹಾದುಬರಬೇಕು. ಬೀದಿಯಲ್ಲಿ ಯಾರೋ ಹಳಿಯ ಮೇಲೆ ಕಾರು ನಿಲ್ಲಿಸಿದರೆ ಗಾಡಿ ತಡವಾಗುತ್ತದೆ. ಮುಂದೆ ರೈಲು ಹಳಿ ಸೇರಲು ಅದಕ್ಕೆ ಕೊಟ್ಟಿದ್ದ ಬಿಡುವು ಅಷ್ಟರಲ್ಲಿ ತಪ್ಪಿಹೋಗಿರುತ್ತದೆ. ಕಣಿವೆಯಲ್ಲಿ ರೈಲು ತಡವಾದರೆ ಆ ತಡ ಗುಡ್ಡದ ಮೇಲಿನ ಬೀದಿಗೆ ಬರುತ್ತದೆ. ಎರಡು ಜಾಲ ಬೆಸೆದಾಗ ಎರಡರ ತೊಂದರೆಗಳೂ ಬೆಸೆದುಕೊಳ್ಳುತ್ತವೆ.

ಗಾಡಿ ಮೆಡೋಹಾಲ್ ಸೌತ್–ಟಿನ್ಸ್ಲಿ ನಿಲ್ದಾಣಕ್ಕೆ ಬಂತು. ಪಕ್ಕದಲ್ಲಿ 1990ರಲ್ಲಿ ತೆರೆದ ಮೆಡೋಹಾಲ್ ಮಾಲ್. ಅದು ನಿಂತಿರುವುದು ಹ್ಯಾಡ್‌ಫೀಲ್ಡ್ಸ್ ಉಕ್ಕಿನ ಕಾರ್ಖಾನೆಯ ನೆಲದ ಮೇಲೆ. ಹತ್ತಿರದಲ್ಲೇ ಎರಡಂತಸ್ತಿನ ಟಿನ್ಸ್ಲಿ ಮೇಲ್ಸೇತುವೆಯಲ್ಲಿ ಎಂ1 ಹೆದ್ದಾರಿಯ ಭೋರ್ಗರೆತ. ಉಳಿದ ಟ್ರಾಮುಗಳು ಇಲ್ಲಿಂದ ಮುಂದೆ ಮೆಡೋಹಾಲ್ ಇಂಟರ್‌ಚೇಂಜ್‌ಗೆ ಹೋಗಿ ನಿಲ್ಲುತ್ತವೆ. ನಮ್ಮದು ಪಕ್ಕಕ್ಕೆ ಹೊರಳಿತು.

ನೋಡಬೇಕಾದ ಜಾಗ ಇದು. ಹೆಸರು ಟಿನ್ಸ್ಲಿ ಕಾರ್ಡ್. ಕೆಲವೇ ನೂರು ಮೀಟರಿನ ಒಂದು ಬಾಗಿದ ಹಳಿ, ಟ್ರಾಮ್ ಜಾಲವನ್ನು ದೇಶದ ರೈಲು ಜಾಲಕ್ಕೆ ಜೋಡಿಸುತ್ತದೆ. ಪ್ರಯಾಣಿಕರಲ್ಲಿ ಹೆಚ್ಚಿನವರು ಮೊಬೈಲಿನಿಂದ ತಲೆಯೆತ್ತಲಿಲ್ಲ. ನಾನು ಕಿಟಕಿಗೆ ಮುಖ ಒತ್ತಿ ಕೂತಿದ್ದೆ. ಅಲ್ಲಿಯವರೆಗೆ ಚಾಲಕರಿಗೆ ದಾರಿ ತೋರಿಸುತ್ತಿದ್ದದ್ದು ಬಿಳಿ ಗೆರೆಗಳ ಟ್ರಾಮ್ ಸಿಗ್ನಲ್. ಅಡ್ಡಗೆರೆ ಇದ್ದರೆ ನಿಲ್ಲು, ನೆಟ್ಟಗೆರೆ ಇದ್ದರೆ ಹೊರಡು. ಇಲ್ಲಿಂದಾಚೆ ಕೆಂಪು, ಹಳದಿ, ಹಸಿರಿನ ರೈಲ್ವೆ ಸಿಗ್ನಲ್. ಅಲ್ಲಿಯವರೆಗೆ ಚಾಲಕರು ಬಸ್ಸಿನವರಂತೆ ಕಣ್ಣಳತೆಯಲ್ಲಿ ಓಡಿಸಿದರು, ಮುಂದೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗುವ ವೇಗ ಹಿಡಿದರು. ಇಲ್ಲಿಂದಾಚೆ ಮುಂದಿನ ಹಳಿ ಖಾಲಿ ಇದೆಯೆಂದು ಸಿಗ್ನಲ್ ಹೇಳಿದರೆ ಮಾತ್ರ ಹೋಗಬೇಕು. ಆಜ್ಞೆ ಮೀರಿದರೆ ಗಾಡಿಯನ್ನು ತಾನೇ ನಿಲ್ಲಿಸುವ ಉಪಕರಣವಿದೆ. ಚಾಲಕರು ಅವರೇ, ಆಸನ ಅದೇ, ಕಾಯಿದೆ ಪುಸ್ತಕ ಮಾತ್ರ ಬೇರೆ. ಎರಡು ಕಾಯಿದೆಗಳಲ್ಲೂ ತರಬೇತಿ ಪಡೆದು ಪಾಸಾದವರಷ್ಟೇ ಈ ಮಾರ್ಗಕ್ಕೆ ಬರುತ್ತಾರೆ.

ಈ ಉಪಾಯ ಮೊದಲು ಹೊಳೆದದ್ದು ಶೆಫೀಲ್ಡಿನವರಿಗಲ್ಲ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಡೀಟರ್ ಲುಡ್ವಿಗ್ ಅವರ ಮುಂದಾಳತ್ವದಲ್ಲಿ 1992ರ ಸೆಪ್ಟೆಂಬರ್‌ನಲ್ಲಿ ಬ್ರೆಟನ್ ಊರಿಗೆ ಮೊದಲ ಟ್ರಾಮ್-ಟ್ರೇನ್ ಓಡಿತು. ಅಲ್ಲಿಯೂ ರೈಲು ನಿಲ್ದಾಣ ಊರಿನ ನಡುಭಾಗದಿಂದ ದೂರ. ಹಳ್ಳಿಗಳಿಂದ ಬಂದವರು ನಿಲ್ದಾಣದಲ್ಲಿಳಿದು ಟ್ರಾಮ್ ಹಿಡಿಯಬೇಕಿತ್ತು. ಆ ಗಾಡಿ ಬದಲಾವಣೆ ತಪ್ಪಿದ್ದೇ ತಡ, ಜನ ನಿರೀಕ್ಷೆ ಮೀರಿ ಹತ್ತಿದರು. ಕಾರ್ಲ್ಸ್‌ರೂಹೆ ಬಯಲೂರು. ಶೆಫೀಲ್ಡಿನಲ್ಲಿ ನಿಲ್ದಾಣಕ್ಕೂ ಊರಿಗೂ ನಡುವೆ ಇರುವುದು ದೂರಕ್ಕಿಂತ ಏರು. ಹಾಗಾಗಿ ಬದಲಾವಣೆ ತಪ್ಪಿಸುವುದರ ಬೆಲೆ ಇಲ್ಲಿ ಇನ್ನೂ ಹೆಚ್ಚು ಎಂದೇ ನನ್ನ ಅಭಿಪ್ರಾಯ.

ಬ್ರಿಟಿಷ್ ಸರ್ಕಾರ 2008ರಲ್ಲಿ ಪ್ರಯೋಗದ ಮಾತೆತ್ತಿದಾಗ ಅದರ ಕಣ್ಣಿದ್ದದ್ದು ಬಾರ್ನ್ಸ್ಲಿ ಮಾರ್ಗವಾಗಿ ಹಡ್ಡರ್ಸ್‌ಫೀಲ್ಡ್‌ಗೆ ಹೋಗುವ ಪೆನಿಸ್ಟನ್ ಮಾರ್ಗದ ಮೇಲೆ. ಅಲ್ಲಿ ವಿದ್ಯುತ್ ತಂತಿ ಇಲ್ಲ, ಡೀಸೆಲ್ ಟ್ರಾಮ್-ಟ್ರೇನ್ ಬೇಕು. ಬೆರಳೆಣಿಕೆಯ ಡೀಸೆಲ್ ಗಾಡಿಗಳನ್ನು ಹೊಸದಾಗಿ ಮಾಡಿಸುವುದು ಕೈಸುಡುವ ಲೆಕ್ಕವೆಂದು ಮರುವರ್ಷವೇ ಅದನ್ನು ಕೈಬಿಟ್ಟು ರಾದರಮ್ ಮಾರ್ಗ ಆರಿಸಿದರು. 2012ರಲ್ಲಿ ಒಪ್ಪಿಗೆ ಸಿಕ್ಕಿತು. 2015ಕ್ಕೆ ಗಾಡಿ ಓಡಬೇಕಿತ್ತು. ಸ್ಪೇನಿನ ವಾಲೆನ್ಸಿಯಾದಲ್ಲಿ ಕಟ್ಟಿದ ಏಳು ಸಿಟಿಲಿಂಕ್ ಗಾಡಿಗಳಲ್ಲಿ ಮೊದಲನೆಯದು ಆ ವರ್ಷದ ಕೊನೆಗೆ ಬಂದೂ ಬಂತು. ಹಳಿ ಸಿದ್ಧವಿರಲಿಲ್ಲ. ಗಾಡಿಗಳು 2017ರ ಸೆಪ್ಟೆಂಬರಿನಿಂದ ಊರೊಳಗಿನ ಟ್ರಾಮ್ ಹಳಿಯ ಮೇಲಷ್ಟೇ ಓಡುತ್ತ ಇನ್ನೂ ಒಂದು ವರ್ಷ ಕಾದವು.

ರೈಲ್ವೆ ಹಳಿಯ ಬದಿಯ ಕೆಲಸಕ್ಕೆ ಮೊದಲು ಅಂದಾಜು ಮಾಡಿದ್ದು ಒಂದೂವರೆ ಕೋಟಿ ಪೌಂಡ್. ದೇಶದ ಲೆಕ್ಕ ತಪಾಸಣಾ ಕಚೇರಿ 2017ರ ಜುಲೈನಲ್ಲಿ ವರದಿ ಕೊಡುವ ಹೊತ್ತಿಗೆ ಅದು ಏಳೂವರೆ ಕೋಟಿ ದಾಟಿತ್ತು. ಐದು ಪಟ್ಟು. ಇಂಥ ಅಂಕಿ ಕಂಡಾಗ ಯೋಜನೆಯೇ ದಂಡ ಎಂದುಬಿಡುವುದು ಸುಲಭ. ಹಣ ಎಲ್ಲಿ ಹೋಯಿತೆಂದು ಹಳಿಯ ಉದ್ದಕ್ಕೂ ನೋಡುತ್ತ ಹೋದರೆ ಚಿತ್ರ ಬೇರೆಯೇ ಕಾಣುತ್ತದೆ.

ಮೊದಲು ಗಾಲಿ. ಬೀದಿಯಲ್ಲಿ ಹುದುಗಿದ ಟ್ರಾಮ್ ಹಳಿಯಲ್ಲಿ ಉದ್ದಕ್ಕೂ ಕಿರಿದಾದ ತೋಡಿದೆ. ಟ್ರಾಮ್ ಗಾಲಿಯ ಅಂಚುಪಟ್ಟಿ ಆ ತೋಡಿನೊಳಗೆ ಹಿಡಿಸುವಂತೆ ತೆಳ್ಳಗೆ, ಗಿಡ್ಡಗೆ ಇರಬೇಕು. ರೈಲು ಗಾಲಿಯ ಅಂಚು ದಪ್ಪ, ಎತ್ತರ. ರೈಲು ಹಳಿಗಳು ಒಂದನ್ನೊಂದು ದಾಟುವ ಕಡೆ ಬಿಡುವೊಂದು ಇರುತ್ತದೆ, ಅಗಲವಾದ ರೈಲು ಗಾಲಿ ಅದರ ಮೇಲೆ ಸಲೀಸಾಗಿ ಹಾದುಹೋಗುತ್ತದೆ. ಸಣ್ಣ ಟ್ರಾಮ್ ಗಾಲಿ ಅಲ್ಲಿ ದಾರಿ ತಪ್ಪುವ ಭಯವಿದೆ. ಎರಡಕ್ಕೂ ಹೊಂದುವ ಗಾಲಿಯ ಆಕಾರವನ್ನು ಕಂಡುಹಿಡಿದು, ರೈಲು ಹಳಿಗಳ ಕೂಡುಗಳಲ್ಲಿ ಗಾಲಿಯನ್ನು ಒಳಗಿನಿಂದ ಹಿಡಿದು ನಡೆಸುವ ಕಾವಲು ಹಳಿಯನ್ನು ಮಾಮೂಲಿಗಿಂತ ಎತ್ತರಿಸಬೇಕಾಯಿತು. ಮಿಲಿಮೀಟರುಗಳ ಕೆಲಸ, ಆದರೆ ಪ್ರತಿ ಕೂಡಿನಲ್ಲೂ ಆಗಬೇಕು.

ಆಮೇಲೆ ವಿದ್ಯುತ್ತು. ಟ್ರಾಮಿಗೆ 750 ವೋಲ್ಟಿನ ನೇರ ವಿದ್ಯುತ್ ಸಾಕು. ರಾದರಮ್ ಮಾರ್ಗದಲ್ಲಿ ತಂತಿಯೇ ಇರಲಿಲ್ಲ. 750 ವೋಲ್ಟಿನ ತಂತಿ ಎಳೆದರು. ಮುಂದೊಂದು ದಿನ ಇಡೀ ಮಾರ್ಗಕ್ಕೆ 25,000 ವೋಲ್ಟಿನ ರೈಲ್ವೆ ವಿದ್ಯುತ್ ಬಂದರೆ ಎಲ್ಲ ಕಿತ್ತು ಮತ್ತೆ ಹಾಕುವಂತಾಗಬಾರದೆಂದು ಅದಕ್ಕೂ ಹೊಂದುವಂತೆ ಕಂಬ, ಅಂತರ ಎಲ್ಲವನ್ನೂ ಇಟ್ಟರು. ದೂರದೃಷ್ಟಿಯ ನಿರ್ಧಾರವೇ. ಖರ್ಚು ಮಾತ್ರ ಇಂದಿನದು. ಹಳಿಯ ಮೇಲೆ ತಗ್ಗಾಗಿದ್ದ ರಾದರಮ್‌ನ ಕಾಲೇಜ್ ರೋಡ್ ಸೇತುವೆಯನ್ನು ಕೆಡವಿ ಎತ್ತರಕ್ಕೆ ಮತ್ತೆ ಕಟ್ಟಬೇಕಾಯಿತು. ಅದರಡಿಯಲ್ಲಿ ನಮ್ಮ ಗಾಡಿ ಕ್ಷಣ ಮಾತ್ರದಲ್ಲಿ ದಾಟಿತು.

ಗಟ್ಟಿತನದ ಪ್ರಶ್ನೆಯೂ ಇತ್ತು. ಟ್ರಾಮಿನ ಮೈ ಹಗುರ. ನೂರಾರು ಟನ್ನಿನ ಗೂಡ್ಸ್ ರೈಲಿನ ಎದುರು ಅದು ಡಿಕ್ಕಿ ತಾಳಲಾರದು. ತಾಳುವಷ್ಟು ಗಟ್ಟಿ ಮಾಡಿದರೆ ಭಾರ ಹೆಚ್ಚಿ ಗುಡ್ಡ ಹತ್ತುವುದೇ ಕಷ್ಟವಾಗುತ್ತದೆ. ಹಾಗಾಗಿ ಡಿಕ್ಕಿಯನ್ನು ತಾಳುವ ಹಾದಿ ಬಿಟ್ಟು, ಸಿಗ್ನಲ್‌ಗಳ ಬಲದಿಂದ ಡಿಕ್ಕಿಯೇ ಆಗದಂತೆ ತಡೆಯುವ ಹಾದಿ ಹಿಡಿದರು. ಬ್ರಿಟಿಷ್ ರೈಲ್ವೆಯ ಕಾಯಿದೆಗಳು ಇಂಥ ಗಾಡಿಯನ್ನು ಅದುವರೆಗೆ ಕಂಡಿರಲಿಲ್ಲ. ಪ್ರತಿಯೊಂದನ್ನೂ ಹೊಸದಾಗಿ ಪರೀಕ್ಷಿಸಿ, ಒಪ್ಪಿಸಿ, ಬರೆಯಬೇಕಾಯಿತು. ಖರ್ಚು ಏರಿದಾಗ ನಿಲ್ಲಿಸಿಬಿಡೋಣವೇ ಎಂಬ ಚರ್ಚೆ ನಡೆದು, ಮುಂದಿನ ನಗರಗಳಿಗೆ ಈ ಪಾಠ ಬೇಕೆಂದೇ ಸರ್ಕಾರ ಮುಂದುವರಿಸಿತು. ಆ ನಿರ್ಧಾರ ಸರಿಯಾಗಿತ್ತು ಎನ್ನುತ್ತೇನೆ. ಸೌತ್ ವೇಲ್ಸ್ ಮೆಟ್ರೊ ತನ್ನ ಕಣಿವೆಗಳಿಗಾಗಿ ಇದೇ ಸಿಟಿಲಿಂಕ್ ಕುಟುಂಬದ, ತಂತಿಯಿಲ್ಲದ ಕಡೆ ಬ್ಯಾಟರಿಯಲ್ಲಿ ಓಡುವ 36 ಗಾಡಿಗಳನ್ನು ಆರಿಸಿಕೊಂಡಿತು.

ಅಂದಾಜು ಹಾಕಿದವರು ಎಡವಿದ ಜಾಗ ನನಗೆ ಈ ಪಯಣದಲ್ಲಿ ಕಾಣುತ್ತ ಹೋಯಿತು. ಟ್ರಾಮ್-ಟ್ರೇನಿನ ಆಕರ್ಷಣೆಯೇ ಹಳಿ ಆಗಲೇ ಇದೆ ಎಂಬುದು. ನೆಲ ಕೊಳ್ಳಬೇಕಿಲ್ಲ, ಮನೆ ಕೆಡವಬೇಕಿಲ್ಲ, ಕೆಲವು ನೂರು ಮೀಟರ್ ಜೋಡಿಸಿದರೆ ಹತ್ತಾರು ಕಿಲೋಮೀಟರ್ ಪುಕ್ಕಟೆ. ಆದರೆ ಇರುವ ಹಳಿ ಇನ್ನೊಂದು ಗಾಡಿಗಾಗಿ, ಇನ್ನೊಂದು ಕಾಲದಲ್ಲಿ ಹಾಕಿದ್ದು. ಅದರ ಸೇತುವೆಯ ಎತ್ತರ, ಪ್ಲಾಟ್‌ಫಾರ್ಮ್, ಸಿಗ್ನಲ್, ನೆಲದೊಳಗಿನ ಕೇಬಲ್ ಎಲ್ಲವನ್ನೂ ನಕ್ಷೆ ಬರೆಯುವ ಮೊದಲೇ ನಡೆದುಹೋಗಿ ಅಳೆಯಬೇಕು. ಇಲ್ಲಿ ವಿನ್ಯಾಸ ಪಕ್ವವಾಗುವ ಮೊದಲೇ ಮೊತ್ತ ಘೋಷಣೆಯಾಯಿತು.

ಇಷ್ಟೆಲ್ಲ ಮಾಡಿದರೂ ಶೆಫೀಲ್ಡಿನವರಿಗೆ ಒಂದು ಅನುಕೂಲ ಮೊದಲೇ ಇತ್ತು. ಟ್ರಾಮಿಗೂ ರೈಲಿಗೂ ಹಳಿಯ ಅಗಲ ಒಂದೇ, 1,435 ಮಿಲಿಮೀಟರ್. ಬೆಂಗಳೂರಿನಲ್ಲಿ ಆ ಬಾಗಿಲು ಮುಚ್ಚಿದೆ. ನಮ್ಮ ಮೆಟ್ರೊ 1,435 ಮಿಲಿಮೀಟರಿನ ಹಳಿಯ ಮೇಲೆ, ಪಕ್ಕದ ಮೂರನೆಯ ಹಳಿಯಿಂದ 750 ವೋಲ್ಟ್ ಪಡೆದು ಓಡುತ್ತದೆ. ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ 1,676 ಮಿಲಿಮೀಟರ್, ತಲೆಯ ಮೇಲಿನ ತಂತಿಯಲ್ಲಿ 25,000 ವೋಲ್ಟ್. ಬೈಯಪ್ಪನಹಳ್ಳಿಯಲ್ಲಿ ಎರಡೂ ಹತ್ತಿರ ಹತ್ತಿರವೇ ಇದ್ದರೂ ಒಂದು ಗಾಡಿ ಮತ್ತೊಂದರ ಹಳಿಗೆ ಇಳಿಯಲಾರದು. ಗೇಜ್ ಆರಿಸುವ ದಿನದ ಆ ಒಂದು ತೀರ್ಮಾನ ಮುಂದಿನ ನೂರು ವರ್ಷಗಳ ಆಯ್ಕೆಗಳನ್ನು ಕಟ್ಟಿಹಾಕುತ್ತದೆ.

ಟಿನ್ಸ್ಲಿ ದಾಟಿದ ಮೇಲೆ ಗಾಡಿಯ ನಡೆಯೇ ಬದಲಾಯಿತು. ಬೀದಿಯ ಅಂಕುಡೊಂಕು ಮುಗಿದು ನೇರ ಓಟ. ಬಲಕ್ಕೂ ಎಡಕ್ಕೂ ಡಾನ್ ನದಿ, ಕಾಲುವೆ, ಗಿಡಗಂಟಿ ಬೆಳೆದ ಕಾರ್ಖಾನೆಯ ನೆಲ. ಟೆಂಪಲ್‌ಬರೋದ ಹಳೆಯ ಉಕ್ಕಿನ ಕಾರ್ಖಾನೆ ಈಗ ಮ್ಯಾಗ್ನಾ ಎಂಬ ವಿಜ್ಞಾನ ಕೇಂದ್ರ. ಈ ಕಣಿವೆಯ ಕತೆಯಲ್ಲಿ ಭಾರತದ ಒಂದು ಪುಟವೂ ಇದೆ. ರಾದರಮ್ ಮತ್ತು ಸ್ಟಾಕ್ಸ್‌ಬ್ರಿಜ್‌ನ ಉಕ್ಕಿನ ಘಟಕಗಳು 2007ರಿಂದ 2017ರವರೆಗೆ ಟಾಟಾ ಸ್ಟೀಲ್ ಒಡೆತನದಲ್ಲಿದ್ದವು.

ರಾದರಮ್ ಸೆಂಟ್ರಲ್ ಬಂದಾಗ ಪ್ಲಾಟ್‌ಫಾರ್ಮಿನ ವಿಚಿತ್ರ ಕಣ್ಣಿಗೆ ಬಿತ್ತು. ಬ್ರಿಟಿಷ್ ರೈಲು ಪ್ಲಾಟ್‌ಫಾರ್ಮಿನ ಎತ್ತರ 915 ಮಿಲಿಮೀಟರ್. ಟ್ರಾಮ್-ಟ್ರೇನಿನ ಬಾಗಿಲಿನ ನೆಲ ಅದರ ಅರ್ಧಕ್ಕಿಂತ ಕೆಳಗೆ. ಒಂದೇ ಕಟ್ಟೆ ಎರಡಕ್ಕೂ ಆಗದು. ಆದ್ದರಿಂದ ರೈಲಿನ ಕಟ್ಟೆ ಮುಗಿಯುವಲ್ಲಿ ತಗ್ಗು ಕಟ್ಟೆಯೊಂದನ್ನು ಮುಂದಕ್ಕೆ ಬೆಳೆಸಿದ್ದಾರೆ. ರೈಲು ಎತ್ತರದ ಭಾಗದಲ್ಲಿ, ಟ್ರಾಮ್ ತಗ್ಗು ಭಾಗದಲ್ಲಿ ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿದ್ದ ಒಬ್ಬರು ಯಾರ ಸಹಾಯವೂ ಬೇಡದೆ, ಹಲಗೆ ಹಾಸುವವರಿಗೆ ಕಾಯದೆ ನೇರ ಗಾಡಿಯೊಳಗೆ ಬಂದರು. ಇದೇ ನಿಲ್ದಾಣದ ರೈಲಿನಲ್ಲಿ ಅವರು ಅಷ್ಟು ಸಲೀಸಾಗಿ ಹತ್ತುವುದು ಸಾಧ್ಯವಿರಲಿಲ್ಲ.

ರಾದರಮ್‌ನಿಂದ ಶೆಫೀಲ್ಡಿಗೆ ಮಾಮೂಲಿ ರೈಲು ಹಿಡಿದರೆ ಸುಮಾರು ಕಾಲು ಗಂಟೆ ಸಾಕು, ಟ್ರಾಮ್-ಟ್ರೇನ್ ಅದಕ್ಕಿಂತ ನಿಧಾನ. ವೇಗವೊಂದನ್ನೇ ನೋಡಿದವರು ಇದರಲ್ಲಿ ಲಾಭವೇನೆಂದು ಕೇಳುತ್ತಾರೆ. ರೈಲು ಇಳಿಸುವುದು ಕಣಿವೆಯ ತಳದಲ್ಲಿ. ಅಲ್ಲಿಂದ ಏರು ಹತ್ತುವ ಹೊತ್ತು, ಮಂಡಿನೋವಿನವರ ಕಷ್ಟ, ಮಳೆಯಲ್ಲಿ ಮಗುವನ್ನೆತ್ತಿಕೊಂಡವರ ಪಾಡು ವೇಳಾಪಟ್ಟಿಯಲ್ಲಿ ಅಚ್ಚಾಗುವುದಿಲ್ಲ. ಟ್ರಾಮ್-ಟ್ರೇನ್ ಕೆಥೆಡ್ರಲ್ಲಿನ ಮುಂದೆ, ಗುಡ್ಡದ ನೆತ್ತಿಯ ಮೇಲೆ ಇಳಿಸುತ್ತದೆ. ಗುಡ್ಡದೂರಿನ ಯೋಜಕರು ಮನೆ ಬಾಗಿಲಿನಿಂದ ಕೆಲಸದ ಬಾಗಿಲಿನವರೆಗಿನ ಇಡೀ ಹೊತ್ತನ್ನು, ಅದರಲ್ಲಿ ಹತ್ತಿದ ಮೆಟ್ಟಿಲುಗಳನ್ನೂ ಸೇರಿಸಿ ಲೆಕ್ಕ ಹಾಕಬೇಕು. ನಿಲ್ದಾಣದಿಂದ ನಿಲ್ದಾಣಕ್ಕೆ ಹಾಕಿದ ಲೆಕ್ಕ ಬಯಲೂರಿಗೆ ಸರಿ.

ಕೊನೆಯ ನಿಲ್ದಾಣ ಪಾರ್ಕ್‌ಗೇಟ್. ಅಂಗಡಿ ಸಮುಚ್ಚಯವೊಂದರ ಹಿಂಬದಿಯಲ್ಲಿ ಒಂಟಿ ಹಳಿ, ಒಂಟಿ ಕಟ್ಟೆ. ಜನ ಖಾಲಿ ಚೀಲ ಹಿಡಿದು ಇಳಿದರು, ತುಂಬಿದ ಚೀಲ ಹಿಡಿದವರು ಹತ್ತಿದರು. ಇಲ್ಲಿಂದ ಮುಂದಕ್ಕೆ ಆಲ್ಡ್‌ವಾರ್ಕ್ ಉಕ್ಕಿನ ಘಟಕ, ಅದರಾಚೆ ಡಾಂಕಾಸ್ಟರ್ ಕಡೆಗೆ ರೈಲು ಹಳಿ ಹೋಗುತ್ತದೆ, ಟ್ರಾಮಿನ ತಂತಿ ಹೋಗುವುದಿಲ್ಲ.

ಮುಂದಿನ ಹೆಜ್ಜೆ ಎಲ್ಲಿಗೆ ಎಂಬ ಮಾತು ಈ ಸೀಮೆಯಲ್ಲಿ ನಡೆಯುತ್ತಲೇ ಇದೆ. ಹೆಚ್ಚು ಕೇಳಿಬರುವ ಹೆಸರು ಸ್ಟಾಕ್ಸ್‌ಬ್ರಿಜ್. ಡಾನ್ ನದಿಯ ಮೇಲ್ಕಣಿವೆಯಲ್ಲಿ ವಾಡ್ಸ್ಲಿ ಬ್ರಿಜ್, ಊಟಿಬ್ರಿಜ್, ಡೀಪ್‌ಕಾರ್ ದಾಟಿ ಹೋಗುವ ಹಳಿ ಅಲ್ಲಿಗೆ ಇದೆ. ಮ್ಯಾಂಚೆಸ್ಟರಿಗೆ ಹೋಗುತ್ತಿದ್ದ ವುಡ್‌ಹೆಡ್ ಮಾರ್ಗದ ಉಳಿಕೆ ಅದು. ಆ ಹಳ್ಳಿಗಳ ನಿಲ್ದಾಣಗಳು 1950ರ ದಶಕದ ಕೊನೆಗೆ ಮುಚ್ಚಿದವು. ವುಡ್‌ಹೆಡ್ ಮಾರ್ಗವೇ 1981ರಲ್ಲಿ ನಿಂತಿತು. ಉಳಿದದ್ದು ಉಕ್ಕು ಸಾಗಿಸುವ ಒಂಟಿ ಹಳಿ. ಅದು ಊರಿನ ಕಡೆಗೆ ಬಂದು ಸೇರುವುದು ಸೂಪರ್‌ಟ್ರಾಮಿನ ನನರಿ ಡಿಪೊದ ಸುತ್ತಮುತ್ತಲೇ. ನಕ್ಷೆಯ ಮೇಲೆ ಬೆರಳಿಟ್ಟರೆ ಟಿನ್ಸ್ಲಿಯಂಥ ಇನ್ನೊಂದು ಕೂಡು ಸಾಕು ಎನಿಸುತ್ತದೆ. ಕಡಿದಾದ ಆ ಕಣಿವೆಯಲ್ಲಿ ರಸ್ತೆ ಅಗಲಿಸಲು ಜಾಗವಿಲ್ಲ. ಬೆಳಗಿನ ಹೊತ್ತು ಬಸ್ಸೂ ಕಾರೂ ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಆದರೆ ಒಂಟಿ ಹಳಿಯಲ್ಲಿ ಎದುರುಬದುರು ಗಾಡಿಗಳು ದಾಟಿಕೊಳ್ಳಲು ಕೆಲವು ಕಡೆ ಜೋಡಿ ಹಳಿ ಹಾಕಬೇಕು, ಗೂಡ್ಸ್ ರೈಲಿಗೆ ಬಿಡುವು ಉಳಿಸಬೇಕು, ತಂತಿಯೋ ಬ್ಯಾಟರಿಯೋ ಎಂದು ತೀರ್ಮಾನಿಸಬೇಕು. ಕಣಿವೆಯ ಇಷ್ಟಗಲದ ನೆಲದಲ್ಲಿ ಮೇಲಿನ ಮನೆಗಳಿಂದ ನಿಲ್ದಾಣಕ್ಕೆ ಇಳಿದುಬರುವ ಕಾಲುದಾರಿಯನ್ನೂ ಸರಿಪಡಿಸಬೇಕು.

1994ರ ಹಳೆಯ 25 ಟ್ರಾಮುಗಳು ಮೂವತ್ತು ವರ್ಷ ದುಡಿದು ದಣಿದಿವೆ. 2025ರಲ್ಲಿ ಸರ್ಕಾರ ಸೌತ್ ಯಾರ್ಕ್‌ಷೈರ್ ಪ್ರದೇಶದ ಸಾರಿಗೆಗೆ 150 ಕೋಟಿ ಪೌಂಡ್ ಘೋಷಿಸಿದೆ. ಅದರಲ್ಲಿ ಹೊಸ ಟ್ರಾಮುಗಳ ಪಾಲೂ ಇದೆ. ಈ ಹೊಸ ಗಾಡಿಗಳನ್ನು ಊರೊಳಗಿನ ಹಳಿಗೆ ಮಾತ್ರ ಸಾಲುವಂತೆ ಮಾಡಿಸಿದರೆ, ಮುಂದೆ ಸ್ಟಾಕ್ಸ್‌ಬ್ರಿಜ್‌ಗಾಗಿ ಏಳೆಂಟು ಗಾಡಿಗಳ ಪುಟ್ಟ ಆರ್ಡರನ್ನು ಮತ್ತೆ ದುಬಾರಿ ಬೆಲೆಗೆ ಕೊಡಬೇಕಾಗುತ್ತದೆ. ಜರ್ಮನಿ ಮತ್ತು ಆಸ್ಟ್ರಿಯದ ಆರು ಸಂಸ್ಥೆಗಳು 2022ರಲ್ಲಿ ಒಟ್ಟಾಗಿ 504 ಟ್ರಾಮ್-ಟ್ರೇನುಗಳವರೆಗಿನ ಒಂದೇ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ಬಗೆಯ ಖರ್ಚನ್ನು ತಪ್ಪಿಸುವುದಕ್ಕೇ. ಎರಡೂ ಹಳಿಗೆ ಹೊಂದುವ ಗಾಲಿ, ಎರಡೂ ಸಿಗ್ನಲ್ ಓದುವ ಉಪಕರಣಕ್ಕೆ ಜಾಗ, ತಂತಿಯಿಲ್ಲದ ಕಡೆ ಓಡಲು ಬ್ಯಾಟರಿಗೆ ಅಣಿಯಾದ ಮೈ, ಹತ್ತಕ್ಕೊಂದರ ಏರು ಹತ್ತುವ ಬಲ ಇವಿಷ್ಟನ್ನೂ ಶೆಫೀಲ್ಡ್ ತನ್ನ ಹೊಸ ಟ್ರಾಮುಗಳ ಟೆಂಡರಿನಲ್ಲೇ ಬರೆಯಬೇಕು. ಸ್ಟಾಕ್ಸ್‌ಬ್ರಿಜ್ ಮಾರ್ಗಕ್ಕೆ ಹಣ ಸಿಗುವ ಮೊದಲೇ.